ಫ್ರಿಜ್ಜಿಗೆ ಇಡಬಾರದ ಚೀಲ

ಈಗಷ್ಟೇ ಬೆಳಕು ಹರಿಯುತ್ತಿದೆ. ರಕ್ತನಿಧಿಯ ಒಳಕೋಣೆಯಲ್ಲಿ ತೊಟ್ಟಿಲಕ್ಕ ಹಳದಿ ದ್ರವದ ಚೀಲವೊಂದನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ವಾಲಿಸುತ್ತಾರೆ. ಒಳಗೆ ಹೊಗೆಯಂಥ ಸುಳಿ ಎದ್ದರೆ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್‌ಗಳು ಜೀವಂತ. ಏಳದಿದ್ದರೆ ಆ ಚೀಲ ಯಾರ ಮೈಗೂ ಸೇರುವಂತಿಲ್ಲ.

ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಇಂಥ ಚೀಲಗಳನ್ನು ಹೊತ್ತ ತಟ್ಟೆಗಳು ಹಗಲಿರುಳು ಅತ್ತಿತ್ತ ತೂಗುತ್ತಲೇ ಇರುತ್ತವೆ. ಅವರಿಗೆ ಈ ಹೆಸರು ಬಂದದ್ದು ಅದರಿಂದಲೇ. ಒಳಗೆ ಇಪ್ಪತ್ತೆರಡು ಡಿಗ್ರಿಯ ಆಸುಪಾಸು ಇರಬೇಕು. ಇಷ್ಟೆಲ್ಲ ಮಾಡಿದರೂ ಪ್ಲೇಟ್‌ಲೆಟ್‌ಗಳ ಆಯಸ್ಸು ಐದೇ ದಿನ. "ಕೂಸಿಗಾದ್ರೂ ನಿದ್ದೆ ಬಂದ್ಮೇಲೆ ತೂಗೋದು ನಿಲ್ಲಿಸ್ಬೋದು. ಇವಕ್ಕೆ ಹಾಗಿಲ್ಲ," ಎಂದು ನಗುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಸೀಸೆ ತೊಳೆಯಲು ಸೇರಿದವರು, ಸಂಜೆ ತರಗತಿಗೆ ಹೋಗಿ ತಂತ್ರಜ್ಞೆಯಾದರು. ದಿನಕ್ಕೆ ನಲವತ್ತು ಚೀಲ ಕೈದಾಟುತ್ತವೆ. ಮೂವರ ಕೆಲಸಕ್ಕೆ ಇರುವವರು ಇಬ್ಬರು.

ಆರು ವರ್ಷದ ಹಿಂದಿನ ಆ ಬೆಳಗಿನ ಮಾತು ಬಂದರೆ ಮಾತ್ರ ಅವರ ಮುಖ ಬಾಡುತ್ತದೆ. ರಕ್ತದ ಕ್ಯಾನ್ಸರಿದ್ದ ಬಸ್ ಚಾಲಕನೊಬ್ಬನಿಗೆಂದು, ಅವನ ರಕ್ತದ ಗುಂಪಿನ ಕೊನೆಯ ಚೀಲವನ್ನು ವಾರ್ಡಿನ ಆಯಾ ಕೈಗೆ ಕೊಟ್ಟಿದ್ದರು. ಡಾಕ್ಟರು ಬರುವುದು ತಡವೆಂದು ಆಯಾ ಅದನ್ನು ಜೋಪಾನವಾಗಿ ಫ್ರಿಜ್ಜಿಗಿಟ್ಟಳು. ರಕ್ತ ಇಡುವುದು ಅಲ್ಲೇ ಎಂದು ಅವಳ ತಿಳಿವಳಿಕೆ. ಮೂರು ತಾಸಿನ ಮೇಲೆ ಚಾಲಕನ ತಮ್ಮ ಆ ಚೀಲ ಹಿಡಿದು ಕಿಟಕಿಗೆ ಓಡಿ ಬಂದ. ತೊಟ್ಟಿಲಕ್ಕ ಬೆಳಕಿಗೆ ಹಿಡಿದು ನೋಡಿದರು. ಸುಳಿಯೇ ಇಲ್ಲ.

"ತಣ್ಣಗಿದ್ರೆ ಬಿಸಿ ಮಾಡಿ ಕೊಡಿ ಅಕ್ಕಾ."

"ಆಗಲ್ಲಪ್ಪಾ. ಇದು ಕೆಟ್ಟೋಯ್ತು."

ಬೇರೆ ಊರಿನಿಂದ ಇನ್ನೊಂದು ಚೀಲ ಬರುವಷ್ಟರಲ್ಲಿ ಚಾಲಕನ ಮಿದುಳಿನಲ್ಲಿ ರಕ್ತ ಒಸರಿ ಎಲ್ಲ ಮುಗಿದಿತ್ತು.

ಆಯಾಳ ಕೆಲಸ ಹೋಯಿತು. ತೊಟ್ಟಿಲಕ್ಕನನ್ನು ಯಾರೂ ಏನೂ ಕೇಳಲಿಲ್ಲ. "ಏನೂ ಹೇಳ್ದೆ ಚೀಲ ಕೊಟ್ಟವಳು ನಾನು, ಶಿಕ್ಷೆ ಆಗಿದ್ದು ಅವಳಿಗೆ. ಆವಾಗ ನಾನು ತುಟಿಪಿಟಕ್ ಅನ್ಲಿಲ್ಲ. ನಂಗೂ ಕೆಲ್ಸ ಬೇಕಿತ್ತಲ್ಲ," ಎನ್ನುತ್ತಾ ಕೈಗವಸು ಬಿಚ್ಚುತ್ತಾರೆ.

ಅಂದಿನಿಂದ, ಬಂದವರು ಡಾಕ್ಟರೇ ಆಗಿರಲಿ, 'ಫ್ರಿಜ್ಜಿಗೆ ಇಡಲ್ಲ' ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಚೀಲ ಕೊಡುವುದು. ಕೆಲವರು ಸಿಡುಕುತ್ತಾರೆ. ಕೆಲವರು ತಲೆಕೆಟ್ಟಿದೆ ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ. ತೊಟ್ಟಿಲಕ್ಕ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಪತ್ರಿಕೆಗೆಂದು ಫೋಟೋ ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ.

"ನನ್ ಮುಖ ಯಾಕೆ? ಆ ಜಾಗದಲ್ಲಿ 'ಪ್ಲೇಟ್‌ಲೆಟ್ ಫ್ರಿಜ್ಜಿಗೆ ಇಡಬೇಡಿ' ಅಂತ ಹಾಕಿ. ಎಷ್ಟು ದಪ್ಪ ಅಕ್ಷರ ಇದ್ಯೋ, ಅಷ್ಟು ದಪ್ಪಕ್ಕೆ."