ತಂಗಿಯ ಎಡಗಣ್ಣು

ಕಣ್ಣಿನ ಡಾಕ್ಟರಿಗೆ ತೋರಿಸಿಕೋ ಎಂದು ನನ್ನ ತಂಗಿಗೆ ನಾನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವಾಗಿತ್ತು. ಅಕ್ಕ ಎಂಬ ಕಾರಣಕ್ಕೆ ಮಾತ್ರವಲ್ಲ, ನಾವು ದುಡಿಯುವ ಕಡೆ ಆ ಮಾತನ್ನು ಎಲ್ಲರಿಗೂ ತಿಳಿಸಿ ಹೇಳುವ ಜವಾಬ್ದಾರಿಯನ್ನು ನನಗೇ ಕೊಟ್ಟಿದ್ದರು.

ನಾನು ಓದಿದ್ದು ಏಳನೆಯ ತರಗತಿಯವರೆಗೆ, ಧಾರವಾಡದ ಹತ್ತಿರ. ಗಂಡ ದೇವಸ್ಥಾನದ ಅಡುಗೆಗೆಂದು ಡಾಲಸ್‌ಗೆ ಬಂದರು, ಅವರ ಹಿಂದೆ ನಾನು ಬಂದೆ. ತಂಗಿ ಮದುವೆಯಾಗಿ ಹ್ಯೂಸ್ಟನ್ ಸೇರಿದಳು. ಮೈಸೂರು ಕಡೆಯ ದಂಪತಿ ಇಲ್ಲಿ ರೊಟ್ಟಿ, ಹೋಳಿಗೆ, ಚಟ್ನಿಪುಡಿ ಮಾಡಿಸಿ ಅಂಗಡಿಗಳಿಗೆ ಕೊಡುತ್ತಾರೆ. ಡಾಲಸ್ ಹತ್ತಿರ ಪ್ರಾಸ್ಪರ್, ಆಸ್ಟಿನ್ ಹತ್ತಿರ ರೌಂಡ್ ರಾಕ್, ಹ್ಯೂಸ್ಟನ್ ಹತ್ತಿರ ಫುಲ್‌ಶೀರ್, ಹೀಗೆ ಮೂರು ಕಡೆ ಅವರ ಅಡುಗೆಮನೆಗಳಿವೆ. ನಾನು ಪ್ರಾಸ್ಪರ್‌ನಲ್ಲಿ ರೊಟ್ಟಿ ಬಡಿಯುತ್ತೇನೆ. ಫುಲ್‌ಶೀರ್‌ನಲ್ಲಿ ತಂಗಿಗೆ ಕೆಲಸ ಕೊಡಿಸಿದವಳೂ ನಾನೇ.

ಆ ದಂಪತಿಯಲ್ಲಿ ಹೆಂಡತಿಯನ್ನು ನಾವೆಲ್ಲ ಮೇಡಂ ಎನ್ನುತ್ತೇವೆ. ಮೂರು ವರ್ಷದ ಹಿಂದೆ ಅವರು ರೌಂಡ್ ರಾಕ್‌ನಲ್ಲಿ ಕೂತು ವಿಡಿಯೋದಲ್ಲಿ ಎಲ್ಲರ ಜೊತೆ ಮಾತಾಡಿದರು. ನಾವು ಹಿಟ್ಟಿನ ಕೈ ಒರೆಸಿಕೊಂಡು ಟಿವಿಯ ಮುಂದೆ ನಿಂತೆವು. ತಂಗಿ ಅಂದು ರಜೆಯಲ್ಲಿದ್ದಳು.

"ಇಷ್ಟು ವರ್ಷ ಇನ್ಶೂರೆನ್ಸ್ ಕಂಪನಿಗೆ ಪ್ರೀಮಿಯಂ ಕಟ್ತಾ ಇದ್ವಿ. ಅವರು ಕೊಟ್ಟಿದ್ದನ್ನ ತಗೋಬೇಕಿತ್ತು. ಇನ್ಮೇಲೆ ಆ ದುಡ್ಡನ್ನ ನಾವೇ ತೆಗೆದಿಡ್ತೀವಿ, ನಿಮ್ಮ ಆಸ್ಪತ್ರೆ ಬಿಲ್ ಅದರಲ್ಲೇ ಹೋಗುತ್ತೆ. ಏನೇನು ಸೇರಿಸ್ಬೇಕು ಅಂತ ನಾವೇ ಡಿಸೈಡ್ ಮಾಡ್ಬಹುದು. ಶುಗರ್ ಮಾತ್ರೆ, ವರ್ಷಕ್ಕೊಂದು ಸಲ ಕಣ್ಣಿನ ಚೆಕಪ್, ಫೋನಲ್ಲಿ ಡಾಕ್ಟರ್, ಇದಕ್ಕೆಲ್ಲ ನೀವು ಏನೂ ಕೊಡೋ ಹಾಗಿಲ್ಲ."

ನಮ್ಮ ಜೊತೆಯ ಹಿರಿಯ ಹೆಂಗಸೊಬ್ಬರು ಕೇಳಿದರು. "ಹಲ್ಲಿಗೆ ಏನೈತ್ರಿ ಮೇಡಂ?"

"ಹಲ್ಲು ಮುಂದಿನ ವರ್ಷ ಆಂಟಿ."

"ಅಲ್ಲೀತನಕ ಉಳದ್ರ ತೋರಸ್ತೇನಿ ಬಿಡ್ರಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮೇಡಂ ಇನ್ನೊಂದು ಮಾತು ಹೇಳಿದರು. "ಯಾರಿಗೆ ಏನು ಕಾಯಿಲೆ ಅಂತ ನಮಗೆ ಗೊತ್ತಾಗಲ್ಲ. ಬಿಲ್ ನೋಡೋಕೆ ಬೇರೆ ಕಂಪನಿ ಇಟ್ಟಿದೀವಿ. ಯಾರಿಗಾದ್ರೂ ತುಂಬ ದೊಡ್ಡ ಖರ್ಚು ಬಂದ್ರೆ ಅದಕ್ಕೇ ಅಂತ ಬೇರೆ ಇನ್ಶೂರೆನ್ಸ್ ಇದೆ. ಸಂಕೋಚ ಬೇಡ. ಅಕ್ಕ, ಇದನ್ನ ನಿಮ್ಮ ಕನ್ನಡದಲ್ಲಿ ಎಲ್ಲರಿಗೂ ಬಿಡಿಸಿ ಹೇಳಿಬಿಡಿ. ನೀವು ನಮ್ಮನೆಯವರ ಥರ."

ಆ ಕೊನೆಯ ಮಾತು ನನ್ನ ತಲೆಗೇರಿತು.

ಇನ್ಶೂರೆನ್ಸ್ ಕಂಪನಿ ಎಂದರೆ ಮುಖ ಕಾಣದ ಯಾರೋ. ಅವರ ದುಡ್ಡು ಖರ್ಚಾದರೆ ನಮಗೇನೂ ಅನಿಸುತ್ತಿರಲಿಲ್ಲ. ಈಗ ಖರ್ಚಾಗುವುದು ಮೇಡಂ ಕೈಯ ದುಡ್ಡು. ಹಬ್ಬದ ಆರ್ಡರು ಬಂದಾಗ ನಮ್ಮ ಪಕ್ಕದಲ್ಲೇ ನಿಂತು ಹೋಳಿಗೆ ಕಟ್ಟುವ, ನಮ್ಮ ಡಬ್ಬಿಯ ಪಲ್ಯ ಕೇಳಿ ತಿನ್ನುವ ಹೆಂಗಸು. ಅವರ ಮನೆಗೆ ಊಟಕ್ಕೆ ಕರೆದರೆ ಎರಡನೇ ಸಲ ಅನ್ನ ಬಡಿಸಿಕೊಳ್ಳಲೂ ಹಿಂಜರಿಯುವವರು ನಾವು. ದಾಕ್ಷಿಣ್ಯ ಎಂಬುದು ನಮಗೆ ತಾಯಿ ಕಲಿಸಿದ ಮೊದಲ ಪಾಠ. ನಾನು ಮೂರೂ ಅಡುಗೆಮನೆಗಳ ಕನ್ನಡದವರಿಗೆ ಫೋನು ಹಚ್ಚಿ ಹೇಳಿದ್ದು ಇಷ್ಟು: "ಇದು ಮೇಡಂ ಅವರ ಸ್ವಂತ ರೊಕ್ಕ. ಸಣ್ಣ ಸಣ್ಣದಕ್ಕ ದವಾಖಾನಿಗೆ ಓಡಬ್ಯಾಡ್ರಿ." ಕಣ್ಣಿನ ಚೆಕಪ್ಪಿನ ಮಾತು ಎತ್ತಲಿಲ್ಲ. ಸಂಕೋಚ ಬೇಡ ಎಂದದ್ದನ್ನೂ ನುಂಗಿಕೊಂಡೆ.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿಗೆ, ತಂಗಿಯ ಫೋನು ಬಂತು. ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿ ಎಂಟು ವರ್ಷವಾಗಿತ್ತು.

"ಅಕ್ಕಾ, ಎಡಗಣ್ಣಾಗ ಕರೀ ನೂಲ ತೇಲಿದಂಗ ಕಾಣತೈತಿ."

"ಹಂಚಿನ ಝಳಕ್ಕ ಹಂಗ ಆಗತೈತಿ. ತಣ್ಣೀರು ಹಾಕ್ಕೊಂಡು ಕಣ್ಣು ತೊಳಕೋ."

"ತೊಳಕೊಂಡೆ. ನೂಲೇನು ತೊಳದ್ರ ಹೊಕ್ಕೇತೇನ? ಡಾಕ್ಟರಿಗೆ ತೋರಸ್ಲೇನು?"

"ದೀಪಾವಳಿ ಆರ್ಡರ್ ಮುಗೀಲಿ ತಡಿ. ಈಗಷ್ಟ ಸುರು ಮಾಡ್ಯಾರ, ನಾವ ಮೊದಲು ಕೈ ಚಾಚೂದು ಚೊಲೋ ಕಾಣೂದಿಲ್ಲ."

"ಆತು ಬಿಡು, ನೀ ಹೇಳಿದ್ಮ್ಯಾಲೆ," ಎಂದಳು.

ಇಲ್ಲಿ ದಾಕ್ಷಿಣ್ಯದ ಹಿಂದೆ ಅಡಗಿಕೊಳ್ಳಬಾರದು. ನಾನು ಕೆಲಸಕ್ಕೆ ಸೇರಿಸಿದ ನನ್ನದೇ ತಂಗಿ ಎಲ್ಲರಿಗಿಂತ ಮೊದಲು ಬಿಲ್ಲು ತಂದಳು ಎಂದು ಮೇಡಂಗೆ ತಿಳಿದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಹೆದರಿದೆ. ಅವರಿಗೆ ತಿಳಿಯುವುದೇ ಇಲ್ಲ ಎಂದು ಅವರ ಬಾಯಿಂದಲೇ ಕೇಳಿದ್ದೆ. ಆದರೂ ನಂಬಿರಲಿಲ್ಲ. ಮನೆಯವರ ಥರ ಅನ್ನಿಸಿಕೊಂಡದ್ದನ್ನು ಉಳಿಸಿಕೊಳ್ಳಬೇಕಿತ್ತು.

ದೀಪಾವಳಿ ಮುಗಿಯಿತು, ಸಂಕ್ರಾಂತಿಯ ಎಳ್ಳುಬೆಲ್ಲ ಬಂತು, ಅದೂ ಮುಗಿಯಿತು. ಅವಳು ಮತ್ತೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಯುಗಾದಿಗೆ ಮೂರು ದಿನ ಮೊದಲು, ಹೋಳಿಗೆ ಬೇಯಿಸುತ್ತಿದ್ದವಳು ಹಂಚಿನ ಅಂಚು ಕಾಣದೆ ಮುಂಗೈ ಸುಟ್ಟುಕೊಂಡಳು. ಆಗಲೇ ಜೊತೆಯವರಿಗೆ ಗೊತ್ತಾದದ್ದು, ಅವಳ ಎಡಗಣ್ಣಿನಲ್ಲಿ ಕತ್ತಲು ಬಿಟ್ಟರೆ ಬೇರೇನೂ ಉಳಿದಿಲ್ಲವೆಂದು. ಕಣ್ಣಿನ ಒಳಗೆ ರಕ್ತ ಸೋರಿ, ಒಳಪರದೆ ಕಿತ್ತುಬಂದಿತ್ತು. ಆಪರೇಷನ್ ಮಾಡಿದರು. ಈಗ ಆ ಕಣ್ಣಿಗೆ ಬೆಳಕು ಯಾವುದು, ನೆರಳು ಯಾವುದು ಎಂದಷ್ಟೇ ತಿಳಿಯುತ್ತದೆ. ನೂಲು ಕಂಡಾಗಲೇ ಬಂದಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ಡಾಕ್ಟರು ಮೆತ್ತಗೆ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ಆಸ್ಪತ್ರೆಯ ಬಿಲ್ಲೆಲ್ಲ ಮೇಡಂ ತೆಗೆದಿಟ್ಟ ಆ ದುಡ್ಡಿನಲ್ಲೇ ಹೋಯಿತು. ಯಾರೂ ಒಂದು ಮಾತು ಕೇಳಲಿಲ್ಲ. ತಂಗಿಯೇ ಫೋನು ಮಾಡಿ ತಿಳಿಸಿದ ಮೇಲೆ ಮೇಡಂ ಆಸ್ಟಿನ್‌ನಿಂದ ನೋಡಲು ಬಂದರು. ಮಂಚದ ಪಕ್ಕ ಕೂತು ನನ್ನ ಕಡೆ ತಿರುಗಿದರು.

"ಅಕ್ಕ, ಇಂಥದ್ದಕ್ಕೇ ಅಲ್ವಾ ಇದನ್ನ ಮಾಡಿದ್ದು? ಚೆಕಪ್ ವಿಷಯ ಇವರಿಗೆ ಹೇಳಿರಲಿಲ್ವಾ ನೀವು?"

ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ಹೇಳಿದಳು. "ಹೇಳಿದ್ಲ್ರಿ ಮೇಡಂ. ನಾನ ಮೈಗಳ್ಳಿ, ಹೋಗಲಿಲ್ಲ."

ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಆ ಸುಳ್ಳಿನ ಕೆಳಗೆ ಎರಡು ವರ್ಷ ಬದುಕಿದೆ. ಫುಲ್‌ಶೀರ್‌ನವರೆಲ್ಲ, "ಅಕ್ಕ ಅಷ್ಟು ಹೇಳಿದ್ರೂ ಕೇಳಲಿಲ್ಲಂತ," ಎಂದು ಅವಳನ್ನೇ ಆಡಿಕೊಂಡರು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಬಲಗಣ್ಣು ಉಳಿಸಲು ಅವಳಿಗೆ ಈಗಲೂ ಆಗಾಗ ಇಂಜೆಕ್ಷನ್ ಕೊಡಿಸಬೇಕು. ಅವಳು ಡ್ರೈವ್ ಮಾಡುವಂತಿಲ್ಲ, ಗಂಡನಿಗೆ ರಜೆ ಸಿಗುವುದಿಲ್ಲ. ಹಿಂದಿನ ದಿನವೇ ಡಾಲಸ್ ಬಿಟ್ಟು ಹೋಗಿ ನಾನು ಕರೆದೊಯ್ಯುತ್ತೇನೆ. ಬೆನ್ನು ನೋಯುತ್ತದೆ, ಕಾಲು ಜೋಮು ಹಿಡಿಯುತ್ತದೆ. ಅದಕ್ಕೊಂದು ಲೆಕ್ಕವೇ ಎಂದುಕೊಂಡು ಮತ್ತೆ ಹೊರಡುತ್ತೇನೆ.

ಕಳೆದ ಸಲ ಬೆಳಿಗ್ಗೆ ಹ್ಯೂಸ್ಟನ್ನಿನ ಆಸ್ಪತ್ರೆಯ ದಾರಿಯಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ಈ ದೇಶದಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ನಾನು ಅವಳ ಕುರುಡು ಕಣ್ಣಿನ ಕಡೆಗಿದ್ದೆ. ನನ್ನನ್ನು ನೋಡಬೇಕೆಂದರೆ ಅವಳು ಕತ್ತನ್ನು ಪೂರ್ತಿ ತಿರುಗಿಸಬೇಕು. ಪ್ರತಿ ಮಾತಿಗೂ ತಿರುಗಿಸುತ್ತಿದ್ದಳು.

"ಯಾಕ ಅಷ್ಟು ಕತ್ತು ಹೊಳ್ಳಸ್ತೀ? ಮುಂದ ನೋಡ್ಕೋತ ಮಾತಾಡು," ಎಂದೆ.

"ಅಳಾಕತ್ತೀಯೇನ ಅಂತ ನೋಡಿದೆ. ಈ ರಸ್ತಾಕ್ಕ ಬಂದ್ರ ಮೂಗು ಸೊರ್ ಅನಸ್ತೀ. ಅತ್ತು ಅತ್ತು ನಿನ್ನ ಕಣ್ಣೂ ಹೋದ್ರ ಗಾಡಿ ಹೊಡಿಯಾವ್ರು ಯಾರ?"

ಅವಳು ನಗುತ್ತಿದ್ದಳು. ಮುಂದಿನ ಲಾರಿ ಸರಿಯಿತು, ಹಿಂದಿನವರು ಹಾರ್ನ್ ಹೊಡೆದರು. ನಾನು ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದೆ.

"ನಾ ನಿನಗ ಹೇಳಿರಲಿಲ್ಲ," ಎಂದೆ. "ಚೆಕಪ್ ಪುಕ್ಕಟೆ ಐತಿ ಅಂತ ನನಗ ಗೊತ್ತಿತ್ತು. ಯಾರಿಗೂ ತಿಳಿಯೂದಿಲ್ಲ ಅಂತಾನೂ ಗೊತ್ತಿತ್ತು. ಮೇಡಂ ಮುಂದ ದೊಡ್ಡಾಕಿ ಆಗಬೇಕಂತ ನಿನ್ನ ತಡದೆ. ಇದನ್ನ ಅವರಿಗೂ ಹೇಳ್ತೇನಿ, ಫುಲ್‌ಶೀರ್‌ದಾಗ ಎಲ್ಲಾರ ಮುಂದೂ ಹೇಳ್ತೇನಿ. ನಿನ್ನ ಕಣ್ಣು ನಾ ಕಳದೆ. ತಪ್ಪಾತು ತಂಗೀ, ಕ್ಷಮಿಸು ನನ್ನ."