ಲಿಂಗಕ್ಕನ ಗುಂಡಿ ನೀರು

ಹೊಳಗುಂದದ ಲಿಂಗಕ್ಕನ ಮೇಲೆ ನನಗೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದಿಲ್ಲ. ನಾನು ಪ್ರತಿಮಾ, ಆದೋನಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಆಕೆ ನಲವತ್ತು ಕುರಿಗಳ ಒಡತಿ. ಜಾಲಿಮುಳ್ಳು ನೆಟ್ಟು ಕೀವಾದ ಕಾಲನ್ನು ಎಳೆದುಕೊಂಡು ನಮ್ಮಲ್ಲಿಗೆ ಬಂದಿದ್ದಳು.

ಆ ಕೀವಿನ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಯಲು ಬಿಟ್ಟು, ಮೇಲೆ ಒಂದೊಂದು ಆಂಟಿಬಯೋಟಿಕ್ ಹೀರಿದ ಹನ್ನೆರಡು ಕಾಗದದ ಬಿಲ್ಲೆ ಇಟ್ಟೆ. ಮದ್ದು ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯಬಾರದು. ಮರುದಿನ ನೋಡಿದರೆ ಹನ್ನೆರಡಕ್ಕೂ ಒತ್ತಿಕೊಂಡು ಬೆಳೆದು ಕೂತಿತ್ತು. ಹೀಗೇ ಆದರೆ ಕಾಲು ತೆಗೆಯಬೇಕಾಗುತ್ತದೆ ಎಂದರು ಡಾಕ್ಟರ್ ವಾಗೀಶ್.

"ಮೊದಲು ಕೊಟ್ಟ ಗುಳಿಗಿ ಪೂರ್ತಿ ನುಂಗಿದೇನಕ್ಕಾ?" ಎಂದು ಕೇಳಿದೆ.

"ಅರ್ಧ ನಾನು ನುಂಗಿದೆ, ಅರ್ಧ ಕುಂಟೋ ಕುರಿಗಳಿಗೆ ತಿನ್ನಿಸಿದೆ. ಅವಕ್ಕೂ ಕಾಲಾಗ ನನ್ನಂಗ ಹುಣ್ಣವ್ವಾ. ಅವು ಒದರ್ತಿದ್ರ ನಾನೊಬ್ಬಾಕಿ ಹೆಂಗ ನುಂಗ್ಲಿ?"

ಮೈ ಉರಿದುಹೋಯಿತು. ಅರೆಬರೆ ಮದ್ದಿಗೆ ಸಾಯದೆ ಉಳಿದ ಬ್ಯಾಕ್ಟೀರಿಯಾವೇ ಆಮೇಲೆ ಯಾವುದಕ್ಕೂ ಬಗ್ಗುವುದಿಲ್ಲ ಎಂದು ಎಷ್ಟು ಬಾಯಿ ಬಡಿದುಕೊಂಡರೂ ಈ ಜನರ ಕಿವಿಗೆ ಬೀಳುವುದಿಲ್ಲ. ಬಾಯಿಗೆ ಬಂದಂತೆ ಬೈದೆ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಕಾಲು ಹೋದ್ರ ಕುರಿ ಹಿಂದ ಯಾರು ನಡೀತಾರವ್ವಾ?" ಎಂದಳು.

ಡಾಕ್ಟರು ಕೈಚೆಲ್ಲಲಿಲ್ಲ. ಬ್ಯಾಕ್ಟೀರಿಯಾದೊಳಗೆ ಹೊಕ್ಕು ಅದನ್ನೇ ಒಡೆದುಹಾಕುವ ವೈರಸ್‌ಗಳಿವೆ, ಫೇಜ್ ಎನ್ನುತ್ತಾರೆ. ಅವುಗಳ ಮೇಲೆ ಕೆಲಸ ಮಾಡುವ ಸಂಶೋಧನಾಲಯವೊಂದಕ್ಕೆ ಆಕೆಯ ಕೀವು ಕಳಿಸಿದರು. ಒಂದೊಂದು ಫೇಜ್ ತನಗೆ ಹೊಂದುವ ಬ್ಯಾಕ್ಟೀರಿಯಾವನ್ನಷ್ಟೇ ಕೊಲ್ಲುತ್ತದೆ, ಕೊಳಕು ನೀರಿನಲ್ಲಿ ಹುಡುಕಬೇಕು, ಬಾಟಲಿ ತುಂಬಿ ಕಳಿಸಿ ಎಂದರು ಅಲ್ಲಿಯವರು. ಮೂಗು ಮುಚ್ಚಿಕೊಂಡು ಪೇಟೆಯ ಮೋರಿ, ಆಸ್ಪತ್ರೆಯ ಚರಂಡಿ ಎಲ್ಲದರ ನೀರೂ ತುಂಬಿಸಿ ಕಳಿಸಿದೆ. ಯಾವುದೂ ಹೊಂದಲಿಲ್ಲ.

ಆಗ, ನನಗೆ ಸಿಟ್ಟು ತರಿಸಿದ ಮಾತೇ ನೆನಪಾಯಿತು. ಅದೇ ಹುಣ್ಣು ಕುರಿಗಳಿಗೂ ಇದೆಯಲ್ಲ! ಆ ಬ್ಯಾಕ್ಟೀರಿಯಾ ಸೇರುವ ನೀರಿನಲ್ಲೇ ಅದನ್ನು ಕೊಲ್ಲುವ ಫೇಜೂ ಇರಬಹುದು.

"ಕುರಿ ಕಾಲು ಎಲ್ಲಿ ತೊಳೀತಿಯಕ್ಕಾ?"

"ಹಟ್ಟಿ ಮುಂದ ಗುಂಡಿ ಐತಲ್ಲ, ಅದ್ರಾಗ."

ಹೊಳಗುಂದದ ಬಸ್ಸು ಹತ್ತಿ ಹೋದೆ. ಹಿಕ್ಕೆ ಕೊಳೆತು ಹಸಿರಾದ ನೀರನ್ನು ಬಾಟಲಿಗೆ ತುಂಬಿಸಿ, ಮೂರು ಸಲ ಸೋಪು ಹಾಕಿ ಕೈ ತೊಳೆದುಕೊಂಡೆ.

ಎಂಟನೆಯ ದಿನ ಸಂಶೋಧನಾಲಯದಿಂದ ಫೋನಿಗೆ ಫೋಟೋ ಬಂತು. ಅದೇ ಬ್ಯಾಕ್ಟೀರಿಯಾ ಹಬ್ಬಿದ ತಟ್ಟೆ. ಆದರೆ ಅದರ ತುಂಬ ಸಾಸಿವೆ ಕಾಳಿನಷ್ಟು ತೂತುಗಳು, ಒಂದೊಂದೂ ಗಾಜಿನಷ್ಟು ತಿಳಿ. ಹನ್ನೆರಡು ಮದ್ದು ಸೋತಲ್ಲಿ ಹಿಕ್ಕೆ ನೀರು ಗೆದ್ದಿತ್ತು. ನಾನು ಮೂಗು ಮುಚ್ಚಿಕೊಂಡು ತುಂಬಿಸಿದ ಆ ಒಂದು ಬಾಟಲಿಯೊಳಗೆ, ಕಣ್ಣಿಗೆ ಕಾಣದ ಎಷ್ಟು ಕೋಟಿ ಜೀವಗಳ ಯುದ್ಧ ನಡೆದಿತ್ತೋ! ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ, ಊಟದ ನೆನಪೂ ಆಗಲಿಲ್ಲ.

ಅನುಮತಿಗಳೆಲ್ಲ ಮುಗಿದು, ಶುದ್ಧ ಮಾಡಿದ ಫೇಜ್ ಬಂತು. ಮೂರು ವಾರ ಗಾಯಕ್ಕೆ ಹಾಕಿದರು. ಒಂದು ಹನಿಯೂ ಕುರಿಗಳಿಗೆ ಹೋಗದಂತೆ ನಾನೇ ಕಾವಲು ನಿಂತೆ. ಕೀವು ಬತ್ತಿತು, ಕೆಂಪು ಮಾಂಸ ಕೂಡಿಕೊಂಡಿತು.

ತಿಂಗಳಾದ ಮೇಲೆ ಲಿಂಗಕ್ಕ ತನ್ನ ಎರಡೂ ಕಾಲ ಮೇಲೆ ನಡೆದು ಲ್ಯಾಬಿಗೆ ಬಂದಳು. ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಅದೇ ಹಸಿರು ನೀರು.

"ಇದ್ಯಾಕಕ್ಕಾ?"

"ನನ್ನಂಗ ಇನ್ನ್ಯಾರ್ದರ ಕಾಲು ಕೆಟ್ಟಿದ್ರ ಬೇಕಾಗ್ತೈತಲ್ಲವ್ವಾ. ಅವತ್ತು ಗುಳಿಗಿ ಹಂಚಿದ್ದಕ್ಕ ಬೈದಿ. ಇದನ್ನರ ಹಂಚಬೌದಿಲ್ಲ?"

ಬಾಟಲಿಯ ಮೇಲೆ ಆಕೆಯ ಹೆಸರು ಬರೆದು ಫ್ರಿಜ್ಜಿನಲ್ಲಿಟ್ಟೆ.