ದಂಡದಲ್ಲಿ ಸ್ಕೂಲಿನ ಪಾಲು

ಲೂಥರ್ ಗಿಡ್ರಿ ನಮ್ಮ ಹೈಸ್ಕೂಲಿಗೆ ಪೊಲೀಸಾಗಿ ಬಂದ ದಿನ, ಅವನ ಸೊಂಟದಲ್ಲಿದ್ದ ಪಿಸ್ತೂಲು ನೋಡಿ ನಾವು ಅಡುಗೆಮನೆಯ ಹೆಂಗಸರು ಮುಖ ಸಿಂಡರಿಸಿದ್ದೆವು. ಆದರೆ ಒಂದು ವರ್ಷ ಕಳೆಯುವುದರೊಳಗೆ ಅವನಿಗೆಂದೇ ಬಿಸಿ ಕಾರ್ನ್‌ಬ್ರೆಡ್ ಎತ್ತಿಡತೊಡಗಿದೆವು. ಹುಡುಗರು ಹೊಡೆದಾಡಿದರೆ ಅವನು ಇಬ್ಬರನ್ನೂ ಕುತ್ತಿಗೆಪಟ್ಟಿ ಹಿಡಿದು ನನ್ನ ಊಟದ ಹಾಲ್‌ಗೆ ಕರೆತರುತ್ತಿದ್ದ.

"ಮೊದ್ಲು ಮೇಜೆಲ್ಲ ಒರ್ಸಿ. ಇನ್ನೂ ಕಸುವಿದ್ರೆ ಆಮೇಲೆ ಗುದ್ದಾಡೀರಂತೆ."

ಒರೆಸಿ ಮುಗಿಸುವಷ್ಟರಲ್ಲಿ ಅವರಿಗೆ ಜಗಳವೇ ಮರೆತುಹೋಗಿರುತ್ತಿತ್ತು.

ಟೆಕ್ಸಸ್ಸಿನ ಈ ಮೂಲೆಯಲ್ಲಿ ಮರದ ಮಿಲ್ಲು ಮುಚ್ಚಿ ತೆರಿಗೆ ನಿಂತ ಮೇಲೆ ಸ್ಕೂಲಿನ ಕೈಯೂ ಬರಿದಾಯಿತು. ಆಗ ನಮ್ಮ ಆಡಳಿತ ಮಂಡಳಿ ಊರಿನ ಕೋರ್ಟಿನೊಂದಿಗೆ ಒಪ್ಪಂದ ಮಾಡಿಕೊಂಡಿತು. ಸ್ಕೂಲಿನ ಪೊಲೀಸರು ಮಕ್ಕಳ ಮೇಲೆ ಬರೆಯುವ ದಂಡದ ಚೀಟಿಗಳಿಂದ ಬಂದ ಹಣದಲ್ಲಿ ಅರ್ಧ ಕೋರ್ಟಿಗೆ, ಅರ್ಧ ಸ್ಕೂಲಿಗೆ. ಪೊಲೀಸರ ಸಂಬಳವೂ ಅದರಿಂದಲೇ.

ಒಂದು ಬೆಳಿಗ್ಗೆ ಪ್ರಿನ್ಸಿಪಾಲರು ನನ್ನ ಎದುರಿಗೇ ಕೇಳಿದರು. "ಲೂಥರ್, ನಿಮ್ಮ ಚೀಟಿ ಪುಸ್ತಕ ಹೊಸದಾಗೇ ಇದೆಯಲ್ಲ?"

"ಬರೆಯೋಂಥದ್ದು ಏನೂ ನಡೆದಿಲ್ಲ ಮೇಡಂ."

"ನಡೆದಿಲ್ವೋ, ನೀವು ನೋಡಿಲ್ವೋ?"

ಲೂಥರನ ಹೆಂಡತಿ ವರ್ಲೀನಳ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಡಯಾಲಿಸಿಸ್ಸಿನ ಖರ್ಚೆಲ್ಲ ಅವನ ನೌಕರಿಯ ವಿಮೆಯಿಂದ ಸಾಗುತ್ತಿತ್ತು. ಅವನು ಬರೆಯತೊಡಗಿದ.

ಯೆಸೇನಿಯಾ ಎಂಬ ಹುಡುಗಿಗೆ ಚೀಟಿ ಬರೆದದ್ದು ಹಾಗೆಯೇ. ಅವಳ ತಾಯಿ ಓದೇಲಿಯಾಗೆ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ. ಹಿಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡು "ಕೊಕ್ಕೊಕ್ಕೋ" ಎಂದು ಅಣಕಿಸಿದರೆಂದು, ಅವಳು ತರಗತಿಯಲ್ಲೇ ಸೆಂಟು ಸಿಂಪಡಿಸಿಕೊಂಡಳು. ಪಾಠಕ್ಕೆ ಅಡ್ಡಿ ಮಾಡಿದಳೆಂದು ಮೇಷ್ಟರು ಅವಳನ್ನು ಲೂಥರನ ಬಳಿ ಕಳಿಸಿದರು. ಅವನು ಚೀಟಿ ಹರಿದು ಕೊಟ್ಟ.

"ಸೆಂಟ್ ಹಾಕ್ಕೊಳ್ಳೋದೂ ತಪ್ಪಾ ಸಾರ್?"

"ಅಮ್ಮನ್ನ ಕರ್ಕೊಂಡು ಕೋರ್ಟಿಗೆ ಹೋಗಮ್ಮ. ಜಡ್ಜ್ ಕಮ್ಮಿ ಮಾಡ್ತಾರೆ," ಎಂದ ಲೂಥರ್, ಅವಳ ಮುಖ ನೋಡದೆ.

ಓದೇಲಿಯಾ ಈ ದೇಶದ ಕಾಗದಪತ್ರವಿಲ್ಲದವಳು. ಕೋರ್ಟಿನ ಬಾಗಿಲಿಗೆ ಹೋದರೆ ಅಮ್ಮನನ್ನು ಗಡೀಪಾರು ಮಾಡುತ್ತಾರೆಂದು ಹೆದರಿ ಹುಡುಗಿ ಚೀಟಿಯ ಸುದ್ದಿಯನ್ನೇ ಎತ್ತಲಿಲ್ಲ. ದಂಡಕ್ಕೆ ದಂಡ ಸೇರಿತು. ಹದಿನೇಳು ತುಂಬಿ ಅವಳು ಇಲ್ಲಿನ ಕಾನೂನಿನಲ್ಲಿ ವಯಸ್ಕಳೆನಿಸಿದ ಮೇಲೆ ಬಂಧನದ ವಾರಂಟ್ ಹೊರಟಿತು. ಅದು ಬಂದು ಸೇರಿದ್ದು ಲೂಥರನ ಕೈಗೆ.

ಮಧ್ಯಾಹ್ನ ಅವನು ಊಟದ ಹಾಲ್‌ಗೆ ಬಂದಾಗ ಅವಳು ತಟ್ಟೆ ಹಿಡಿದು ನನ್ನೆದುರು ಸಾಲಿನಲ್ಲಿದ್ದಳು. ಅವನು ಮೆಲ್ಲಗೆ ವಿಷಯ ಹೇಳಿ, "ಊಟ ಮುಗ್ಸು ಮಗಳೇ, ನಾನು ಕಾಯ್ತೀನಿ," ಎಂದ.

ಅವಳು ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. "ಕೈ ಮುಂದೆ ಹಿಡೀಲಾ ಸಾರ್, ಹಿಂದೆ ಹಿಡೀಲಾ?"

ಅವನು ಬೇಡಿ ತೆಗೆಯಲಿಲ್ಲ. ಜೊತೆಗೆ ನಡೆಸಿಕೊಂಡು ಹೋದ. ಹಾಲ್‌ನಲ್ಲಿದ್ದವರೆಲ್ಲ ಚಮಚ ಕೆಳಗಿಟ್ಟು ನೋಡುತ್ತಿದ್ದರು.

ಮಾರನೆಯ ದಿನ ಅವಳನ್ನು ಬಿಟ್ಟರು. ಅವಳು ಮತ್ತೆ ಸ್ಕೂಲಿಗೆ ಬರಲಿಲ್ಲ. ಲೂಥರ್ ಗಾಲಿಯ ಮೇಲಿನ ಅವರ ಟ್ರೇಲರ್ ಮನೆಗೆ ಹುಡುಕಿಕೊಂಡು ಹೋದರೆ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ತಾಯಿ ಮಗಳು ಊರು ಬಿಟ್ಟಿದ್ದರು. ಎಲ್ಲಿಗೆಂದು ಅಕ್ಕಪಕ್ಕದವರು ಪೊಲೀಸನಿಗೆ ಹೇಳುತ್ತಾರೆಯೇ?

ಮಂಡಳಿಯ ಮುಂದಿನ ಸಭೆಯಲ್ಲಿ ಅವನು ಟೋಪಿ ಕೈಯಲ್ಲಿ ಹಿಡಿದು ಎದ್ದು ನಿಂತ.

"ಈ ಪಾಲು ನಮ್ಗೆ ಬೇಡ. ನನ್ನ ಸಂಬಳ ಬೇಕಾದ್ರೆ ಕಮ್ಮಿ ಮಾಡಿ."

"ಆಫೀಸರ್, ಆ ದುಡ್ಡು ಮಕ್ಕಳಿಗೇ ಅಲ್ವಾ ಹೋಗೋದು?" ಎಂದರು ಅಧ್ಯಕ್ಷರು.

"ಯಾವ ಮಕ್ಕಳಿಗೆ ಸಾರ್?"

ಅಧ್ಯಕ್ಷರು ಮುಂದಿನ ವಿಷಯ ಎತ್ತಿಕೊಂಡರು. ಒಪ್ಪಂದ ಮುಂದುವರಿಯಿತು. ಅವನು ಮಾತ್ರ ಮತ್ತೊಂದು ಚೀಟಿ ಬರೆಯಲಿಲ್ಲ. ಬೇಸಿಗೆ ರಜೆಗೆ ಮುಂಚೆ ಅವನನ್ನು ತೆಗೆದುಹಾಕಿ ಚುರುಕಾದ ಒಬ್ಬ ಹುಡುಗನನ್ನು ತಂದರು. ವಿಮೆಯೂ ಹೋಯಿತು. ವರ್ಲೀನಳನ್ನು ದೂರದ ಸರ್ಕಾರಿ ಆಸ್ಪತ್ರೆಗೆ ಹಳೇ ಪಿಕಪ್‌ನಲ್ಲಿ ಕೂರಿಸಿಕೊಂಡು ಹೋಗಿ, ಅವಳ ಡಯಾಲಿಸಿಸ್ ಮುಗಿಯುವವರೆಗೆ ಹೊರಗೆ ಬೆಂಚಿನ ಮೇಲೆ ತೂಕಡಿಸುವುದೇ ಅವನ ಬದುಕಾಯಿತು.

ಕೆಲವು ವರ್ಷಗಳ ನಂತರ ತರಗತಿಯ ಗದ್ದಲಕ್ಕೆ ಚೀಟಿ ಬರೆಯುವುದನ್ನು ಸರ್ಕಾರ ನಿಲ್ಲಿಸಿತು. ಸುದ್ದಿ ಹೇಳೋಣವೆಂದು ನಾನು ಅವನ ಮನೆಗೆ ಹೋದೆ. ಲೂಥರ್ ಹೆಂಡತಿಯ ಊದಿದ ಕಾಲಿಗೆ ಚಪ್ಪಲಿ ಏರಿಸುತ್ತಾ ಕೂತಿದ್ದ. ಎಲ್ಲ ಕೇಳಿದ.

"ಒಳ್ಳೇದಾಯ್ತು," ಎಂದ. ಚಪ್ಪಲಿಯ ಪಟ್ಟಿ ಬಿಗಿದು, "ಆ ಹುಡ್ಗಿ ಎಲ್ಲಿದಾಳೆ ಅಂತ ಏನಾದ್ರೂ ಗೊತ್ತಾಯ್ತಾ ನಿಂಗೆ?"

ಇಲ್ಲವೆಂದೆ. ಅವನು ತಲೆ ತಗ್ಗಿಸಿ, ಇನ್ನೊಂದು ಚಪ್ಪಲಿ ಕೈಗೆತ್ತಿಕೊಂಡ.